ಹಲಸಿನ ಚೌಕಟ್ಟಿನ ಹದಿನೈದು ಮಿಲಿಮೀಟರ್

ಶೆಡ್ಡಿನೊಳಗೆ ಒಬ್ಬನೇ ಇರುವಾಗ ಜೋರಾಗಿ ಮಾತನಾಡುವ ಅಭ್ಯಾಸ ನನಗೆ ಹುಚ್ಚಿನಿಂದ ಬಂದದ್ದಲ್ಲ, ನಿಯಮದಿಂದ ಬಂದದ್ದು. ಕೊಲ್ಲಿ ದೇಶದಲ್ಲಿ ಒತ್ತಡದ ಟ್ಯಾಂಕುಗಳನ್ನು ಪರೀಕ್ಷಿಸುತ್ತಿದ್ದಾಗ ಹೀಗೆಯೇ ಇತ್ತು. ಒಬ್ಬ ಕೂಗಿ ಕೇಳಬೇಕು, ಇನ್ನೊಬ್ಬ ಕೈಯಿಂದ ಮುಟ್ಟಿ ನೋಡಿ ಉತ್ತರ ಕೊಡಬೇಕು. ‘ಬಿಡುಗಡೆ ವಾಲ್ವ್ ಮುಚ್ಚಿದೆಯಾ?’ ‘ಮುಚ್ಚಿದೆ.’ ‘ಒಳಗೆ ಯಾರಾದರೂ ಇದ್ದಾರಾ?’ ‘ಯಾರೂ ಇಲ್ಲ.’ ಬಂಟ್ವಾಳದ ಶೆಡ್ಡಿನಲ್ಲಿ ಆ ಇನ್ನೊಬ್ಬ ಇರಲಿಲ್ಲ. ನಾನೇ ಕೂಗುತ್ತಿದ್ದೆ, ನಾನೇ ಹೋಗಿ ಮುಟ್ಟುತ್ತಿದ್ದೆ, ನಾನೇ ಉತ್ತರ ಹೇಳುತ್ತಿದ್ದೆ. ನಾನು ಬ್ಯಾರಿ, ಕರಾವಳಿಯ ಮುಸ್ಲಿಂ. ಎದುರಿನ ಗೂಡಂಗಡಿಯಲ್ಲಿ ‘ಬ್ಯಾರಿಗೆ ತಲೆ ಸರಿ ಇಲ್ಲ’ ಎಂಬ ಮಾತಿತ್ತೆಂದು ಆಮೇಲೆ ತಿಳಿಯಿತು. ಅವರ ತಪ್ಪೂ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು ಒಳಹೋದವನು ಖಾಲಿ ಕಟ್ಟಡದೊಳಗೆ ನಿಂತು ‘ಯಾರಾದರೂ ಇದ್ದಾರಾ’ ಎಂದು ಕೇಳಿ, ತಾನೇ ‘ಯಾರೂ ಇಲ್ಲ’ ಎಂದರೆ ಜನ ಏನೆಂದುಕೊಳ್ಳಬೇಕು?

ಆ ಶೆಡ್ಡಿನಲ್ಲಿ ನಾನು ಕಟ್ಟುತ್ತಿದ್ದದ್ದು ಒಂದು ಕೋವಿ. ಕೋವಿ ಎಂದರೆ ಕಾಡುಹಂದಿ ಓಡಿಸಲು ಮನೆಯಲ್ಲಿ ಇಟ್ಟುಕೊಳ್ಳುವಂಥದ್ದು ಎಂದು ಎಣಿಸಬೇಡಿ. ನಮ್ಮದರ ನಳಿಗೆ ಹನ್ನೆರಡು ಮೀಟರ್ ಉದ್ದ. ಬಾಯಿಯೊಳಗೆ ಸುಲಿದ ತೆಂಗಿನಕಾಯಿ ಸಲೀಸಾಗಿ ಹೋಗುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ, ಬರೀ ಗಾಳಿ. ಹಿಂದೆ ಒತ್ತಡದ ಗಾಳಿ ತುಂಬಿದ ದೊಡ್ಡ ಟ್ಯಾಂಕು, ಅದರ ಬಾಯಿಗೆ ಅಡ್ಡಲಾಗಿ ತೆಳುವಾದ ಎರಡು ಪ್ಲಾಸ್ಟಿಕ್ ಹಾಳೆ. ಹಾಳೆ ಒಡೆದರೆ ಗಾಳಿ ಒಮ್ಮೆಗೇ ನಳಿಗೆಗೆ ನುಗ್ಗುತ್ತದೆ, ಎದುರಿಗಿದ್ದದ್ದನ್ನು ಹೊತ್ತುಕೊಂಡು ಹೋಗುತ್ತದೆ. ಎದುರಿಗಿರುವುದು ‘ಹಕ್ಕಿ’. ನಿಜವಾದ ಹಕ್ಕಿಯಲ್ಲ, ಜೆಲಾಟಿನ್ ಕಾಯಿಸಿ ಅಚ್ಚಿಗೆ ಹೊಯ್ದು ಮಾಡಿದ ಗಟ್ಟಿ ಮುದ್ದೆ, ಹದ್ದಿನಷ್ಟು ತೂಕದ್ದು. ಹಾರುವ ವಿಮಾನದ ಎದುರುಗಾಜಿಗೆ ಹಕ್ಕಿ ಬಡಿದರೆ ಗಾಜು ತಡೆದೀತೇ ಎಂದು ನೆಲದ ಮೇಲೆಯೇ ನೋಡಿಕೊಳ್ಳುವ ಉಪಾಯ ಇದು. ಇಲ್ಲಿ ಗಾಜು ಸುಮ್ಮನೆ ನಿಂತಿರುತ್ತದೆ, ಹಕ್ಕಿ ವಿಮಾನದ ವೇಗದಲ್ಲಿ ಬರುತ್ತದೆ.

ಕೆಲಸ ಕೊಟ್ಟದ್ದು ಮೂಡುಬಿದಿರೆಯ ಒಂದು ಎಂಜಿನಿಯರಿಂಗ್ ಕಾಲೇಜು. ಅಲ್ಲಿಯ ಆವರಣದಲ್ಲಿ ಇಂಥದ್ದನ್ನು ಹಾರಿಸಿದರೆ ಹಾಸ್ಟೆಲಿನ ಮಕ್ಕಳೆಲ್ಲ ಅಂಗಳಕ್ಕೆ ಬಂದಾರೆಂದು, ನೇತ್ರಾವತಿಯ ದಡದಲ್ಲಿ ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದರು. ಹಂಚು ಒಣಗಿಸಲೆಂದು ಕಟ್ಟಿದ ಉದ್ದನೆಯ ಶೆಡ್ಡು. ಒಂದು ಮೂಲೆಯಲ್ಲಿ ಯಾರೂ ಒಯ್ಯದ ಹಂಚುಗಳ ರಾಶಿ ಹಾಗೆಯೇ ಇತ್ತು. ನಾನು ಹತ್ತಿರದಲ್ಲೇ ಒಂದು ಮಹಡಿ ಕೋಣೆ ಹಿಡಿದೆ. ಹೆಂಡತಿ ಮಗಳ ಬಾಣಂತನಕ್ಕೆಂದು ಕೊಲ್ಲಿಗೆ ಹೋದವಳು ಮಗುವನ್ನು ನೋಡಿಕೊಳ್ಳಲು ಅಲ್ಲೇ ಉಳಿದಿದ್ದಳು. ನಾನು ಇಪ್ಪತ್ತು ವರ್ಷ ಅಲ್ಲಿದ್ದಾಗ ಅವಳು ಇಲ್ಲಿದ್ದಳು. ನಾನು ಇಲ್ಲಿಗೆ ಬಂದಮೇಲೆ ಅವಳು ಅಲ್ಲಿ. ನಮ್ಮ ಸಂಸಾರದ ಲೆಕ್ಕವೇ ಹಾಗೆ ಬಿದ್ದಿದೆ.

ಮೊದಲ ವರ್ಷವೆಲ್ಲ ನಳಿಗೆಯ ಜೊತೆ ಜಗಳ. ಮೂರು ತುಂಡು ಕೊಳವೆಗಳನ್ನು ಒಂದೇ ಗೆರೆಗೆ ತರಬೇಕು; ಜೋಡಣೆಯಲ್ಲಿ ಕೂದಲಷ್ಟು ಮೆಟ್ಟಿಲು ಉಳಿದರೂ ಹಕ್ಕಿಯನ್ನು ಹೊತ್ತ ಡಬ್ಬಿ ಅಲ್ಲಿ ತಾಗಿ ಹರಿದುಹೋಗುತ್ತದೆ. ಆ ಡಬ್ಬಿಯದ್ದು ಇನ್ನೊಂದು ಕತೆ. ಜೆಲಾಟಿನ್ ಮುದ್ದೆಯನ್ನು ಬರಿದೇ ಇಟ್ಟರೆ ಗಾಳಿಯ ಹೊಡೆತಕ್ಕೆ ನಳಿಗೆಯೊಳಗೇ ಚಟ್ನಿಯಾಗುತ್ತದೆ. ಅದಕ್ಕೇ ಅದನ್ನು ಹಗುರವಾದ ಡಬ್ಬಿಯಲ್ಲಿ ಕೂರಿಸುವುದು. ನಳಿಗೆಯ ತುದಿಯಲ್ಲಿ ಉಕ್ಕಿನ ಬಳೆಯಿದೆ. ಡಬ್ಬಿ ಅದಕ್ಕೆ ಸಿಕ್ಕಿ ನಿಲ್ಲಬೇಕು, ಹಕ್ಕಿ ಮಾತ್ರ ಮುಂದೆ ಹೋಗಬೇಕು. ಹತ್ತು ಸಲ ಹಾರಿಸಿದರೆ ಆರು ಸಲ ಡಬ್ಬಿಯ ಚೂರೂ ಹಕ್ಕಿಯ ಜೊತೆ ಹೊರಟುಬಿಡುತ್ತಿತ್ತು. ನಾನು ಬಳೆ ಬದಲಿಸುತ್ತಿದ್ದೆ, ಡಬ್ಬಿಯ ದಪ್ಪ ಬದಲಿಸುತ್ತಿದ್ದೆ, ಮತ್ತೆ ಹಾರಿಸುತ್ತಿದ್ದೆ.

ವೇಗ ಅಳೆಯುವುದು ಮಾತ್ರ ಸುಲಭ ಎಂದುಕೊಂಡಿದ್ದೆ. ನಳಿಗೆಯ ಮುಂದೆ ಎರಡು ಬೆಳಕಿನ ಪರದೆಗಳು, ಒಂದೊಂದೂ ಪೆಟ್ಟಿಗೆಯಿಂದ ಮೇಲಕ್ಕೆ ಹಾಯಿಸಿದ ಬೆಳಕಿನ ತೆರೆ. ಹಕ್ಕಿ ಮೊದಲನೆಯದನ್ನು ದಾಟಿದಾಗ ಗಡಿಯಾರ ಶುರು, ಎರಡನೆಯದನ್ನು ದಾಟಿದಾಗ ಬಂದ್. ನಡುವಿನ ದೂರವನ್ನು ಆ ಸಮಯದಿಂದ ಭಾಗಿಸಿದರೆ ವೇಗ. ಪರದೆಗಳನ್ನು ಮೊದಲು ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ನಿಲ್ಲಿಸಿದ್ದೆ. ಗಾಳಿಯ ಹೊಡೆತಕ್ಕೆ ಅದು ಗಡಗಡ ನಡುಗಿ, ಹಕ್ಕಿ ಬರುವ ಮೊದಲೇ ಗಡಿಯಾರ ಓಡತೊಡಗುತ್ತಿತ್ತು. ಮರದ್ದಾದರೆ ನಡುಕವನ್ನು ನುಂಗೀತು ಎನಿಸಿತು.

ಹಾಗೆ ಬಂದವರು ಅಳದಂಗಡಿಯ ಆಚಾರಿ. ಅರವತ್ತು ದಾಟಿದ, ಮಾತು ಕಡಿಮೆಯ ಬಡಗಿ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶೆಡ್ಡಿಗೆ ಬಂದು ನನ್ನ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾಲ್ಕು ಪಟ್ಟಿಗಳ ಉದ್ದ ಚೌಕಟ್ಟು, ಮಲಗಿಸಿ ಇಡುವಂಥದ್ದು, ಎರಡು ತುದಿಯ ಪಟ್ಟಿಗಳ ಒಳಮೈಗೆ ತಾಗಿ ಪರದೆಗಳು ನಿಲ್ಲುತ್ತವೆ, ಹಕ್ಕಿ ಮೇಲಿಂದ ಹಾದುಹೋಗುತ್ತದೆ.

“ಇದು ಎಂತದ್ದು ಸಾಯಿಬ್ರೆ, ಮಂಚವಾ?”

“ಮಂಚ ಅಂತಲೇ ಎಣಿಸಿ ಆಚಾರ್ರೆ. ಒಳಗಿನ ಉದ್ದ ಸರಿಯಾಗಿ ಒಂದು ಮೀಟರ್.”

“ಕೋಲಿನ ಲೆಕ್ಕದಲ್ಲಿ ಎಷ್ಟು?” ಎಂದು ತಮ್ಮ ಬಡಗಿಯ ಅಳತೆಗೋಲನ್ನು ತೋರಿಸಿದರು.

“ಕೋಲು ಬೇಡ. ಟೇಪು ಹಿಡಿಯಿರಿ, ಸಾವಿರ ಮಿಲಿಮೀಟರ್.”

“ಆಯ್ತು, ಹಿಡಿಯುವ,” ಎಂದರು. ಇನ್ನೇನೋ ಹೇಳಲು ಬಾಯಿ ತೆರೆದು ಮುಚ್ಚಿದ್ದು ನನಗೆ ಕಂಡಿತ್ತು. ಏನೆಂದು ಕೇಳಲಿಲ್ಲ. ಕೆಲಸದ ಹೊತ್ತಿನಲ್ಲಿ ನಾನು ಸ್ವಲ್ಪ ಸಿಡುಕ, ನನ್ನ ಹೆಂಡತಿಯನ್ನು ಕೇಳಿದರೆ ಸ್ವಲ್ಪವಲ್ಲ ಎಂದಾಳು.

ಹಲಸಿನ ಮರದ ಆ ಮೊದಲ ಚೌಕಟ್ಟು ಬಂದಾಗ ಉಕ್ಕಿನ ಟೇಪಿನಲ್ಲಿ ಮೂರು ಕಡೆ ಅಳೆದೆ. ಸಾವಿರ. ಅರ್ಧ ಮಿಲಿಮೀಟರ್ ಆಚೀಚೆ ಇಲ್ಲ. ನಡುಕ ನಿಂತಿತು, ಗಡಿಯಾರ ಹೇಳಿದ ಮಾತು ಕೇಳತೊಡಗಿತು. ಅದರಲ್ಲಿ ಏಳು ಸಲ ಹಾರಿಸಿದೆ. ಎಂಟನೆಯ ಸಲ ಡಬ್ಬಿಯ ದೊಡ್ಡ ಚೂರೊಂದು ಬಳೆ ತಪ್ಪಿಸಿ ಬಂದು ಚೌಕಟ್ಟಿಗೆ ಬಡಿಯಿತು. ಹಲಸಿನ ಪಟ್ಟಿ ಸೀಳಿ, ಮೊಳದುದ್ದದ ಒಂದು ಸಿಬಿರು ಹಾರಿ ಮಣ್ಣಿನ ಗೋಡೆಗೆ ನೆಟ್ಟುಕೊಂಡಿತು. ಅಲ್ಲಿ ಯಾರೂ ಇರಲಿಲ್ಲ. ಆದರೆ ಹಾರಿಸುವ ಮೊದಲು, ಕಾಲೇಜಿನಿಂದ ಸಹಾಯಕ್ಕೆ ಬರುತ್ತಿದ್ದ ಇಬ್ಬರು ಮೂವರು ವಿದ್ಯಾರ್ಥಿಗಳು ಅದೇ ಗೋಡೆಗೆ ಒರಗಿ ನಿಂತು ಟಿಪ್ಪಣಿ ಬರೆದುಕೊಂಡಿದ್ದರು. ವಿಭಾಗದ ಮುಖ್ಯಸ್ಥರು ಬಂದು ಸಿಬಿರನ್ನು ನೋಡಿ, ಇನ್ನು ವಿದ್ಯಾರ್ಥಿಗಳು ಈ ಶೆಡ್ಡಿನೊಳಗೆ ಕಾಲಿಡಬಾರದು ಎಂದರು. ಸರಿಯಾದ ಮಾತೇ. ಮರುದಿನದಿಂದ ನಾನು ಒಬ್ಬನೇ. ಹೊಸ ಚೌಕಟ್ಟು ಬರುವವರೆಗೆ ವೇಗ ಅಳೆಯದೆ ಬಳೆ, ಡಬ್ಬಿಗಳನ್ನಷ್ಟೇ ಪರೀಕ್ಷಿಸುತ್ತಿದ್ದೆ.

ಪ್ರತಿ ಪರೀಕ್ಷೆಗೂ ಒಂದು ಹಾಳೆ ಉಂಟು. ನಲವತ್ತು ಸಾಲು, ಪ್ರತಿ ಸಾಲಿಗೂ ಎರಡು ಸಹಿ: ಅಳೆದವರು ಒಬ್ಬರು, ಪರಿಶೀಲಿಸಿದವರು ಒಬ್ಬರು. ಅಲ್ಲಿಯವರೆಗೆ ಎರಡನೆಯ ಸಹಿಯನ್ನು ವಿದ್ಯಾರ್ಥಿಗಳು ಹಾಕುತ್ತಿದ್ದರು. ಅವರು ಹೋದಮೇಲೆ ಎರಡೂ ನನ್ನದೇ. ಮೊದಮೊದಲು ಮೊದಲ ಸಹಿ ಹಾಕಿ, ಶೆಡ್ಡಿನ ಸುತ್ತ ಒಂದು ಸುತ್ತು ಬಂದು, ಬೇರೆಯವನಂತೆ ಮತ್ತೆ ಅಳೆದು ಎರಡನೆಯದು ಹಾಕುತ್ತಿದ್ದೆ. ತಿಂಗಳು ಕಳೆದಂತೆ ಆ ಸುತ್ತು ನಿಂತಿತು. ಆಮೇಲೆ ಎರಡು ಸಹಿಯೂ ಒಂದೇ ಉಸಿರಿನಲ್ಲಿ ಬೀಳತೊಡಗಿದವು.

ಹೀಗಿರುವಾಗ ಬೆಂಗಳೂರಿನ ಒಂದು ಸಣ್ಣ ಕಂಪನಿ ಗಾಜು ತಂದಿತು. ಅಕ್ಕಪಕ್ಕ ಎರಡು ಸೀಟಿನ ತರಬೇತಿ ವಿಮಾನದ ಎದುರುಗಾಜು. ನಿಬಂಧನೆ ಒಂದೇ: ಸೆಕೆಂಡಿಗೆ ನೂರೈವತ್ತು ಮೀಟರ್‌ಗೆ ಕಡಿಮೆಯಿಲ್ಲದ ವೇಗದಲ್ಲಿ ಹಕ್ಕಿ ಬಡಿಯಬೇಕು, ಒಳಗೆ ನುಗ್ಗಬಾರದು. ಗಾಜಿನ ಜೊತೆ ಬಂದವಳು ಕಂಪನಿಯ ಎಂಜಿನಿಯರ್, ಮೂವತ್ತರ ಹೆಣ್ಣುಮಗಳು. ಗಾಜಿನ ಹಿಂದೆ ಪರೀಕ್ಷೆಗೆಂದೇ ಎರಡು ಸೀಟುಗಳನ್ನೂ ತಂದು ಜೋಡಿಸಿದಳು.

ಅದೇ ಬೆಳಿಗ್ಗೆ ಆಚಾರ್ರು ಎರಡನೆಯ ಚೌಕಟ್ಟನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಅಡ್ಡ ಹಿಡಿದುಕೊಂಡು ಬಿ.ಸಿ.ರೋಡಿಗೆ ತಂದು, ಅಲ್ಲಿಂದ ರಿಕ್ಷಾದಲ್ಲಿ ಶೆಡ್ಡಿಗೆ ಮುಟ್ಟಿಸಿದರು. “ಈ ಸಲ ಒಡೆಯುವುದಿಲ್ಲ ಸಾಯಿಬ್ರೆ,” ಎಂದಷ್ಟೇ ಹೇಳಿ ಹೊರಟರು. ಒಳ್ಳೆಯ ಮರ ಹುಡುಕಿರಬೇಕು ಎಂದುಕೊಂಡೆ. ಅತ್ತ ಕಂಪನಿಯವಳು ಕಾಯುತ್ತಿದ್ದಳು, ಇತ್ತ ಜೆಲಾಟಿನ್ ಹಕ್ಕಿ ಫ್ರೀಜರಿನಿಂದ ಹೊರಬಂದು ಹದವಾಗುತ್ತಿತ್ತು. ಪರದೆಗಳನ್ನು ಕೂರಿಸಿದೆ. ಹಾಳೆಯ ಹದಿನೇಳನೆಯ ಸಾಲು: ಪರದೆಗಳ ನಡುವಿನ ದೂರ. ಸಾವಿರ ಎಂದು ಬರೆದೆ. ಎರಡು ಸಹಿ ಹಾಕಿದೆ. ಟೇಪು ನನ್ನ ಸೊಂಟದಲ್ಲೇ ಇತ್ತು.

ಗಡಿಯಾರದ ಲೆಕ್ಕ ನೂರೈವತ್ತು ಚುಕ್ಕಿ ಆರು ತೋರಿಸಿತು. ಗಾಜು ತಡೆಯಿತು. ಕೆಳಗಿನ ಒಂದು ಮೂಲೆಯಲ್ಲಿ ಬಿಳಿ ಬಿರುಕು ಬಿಟ್ಟದ್ದು ಬಿಟ್ಟರೆ ಒಳಗೆ ಒಂದು ತುಣುಕೂ ಹೋಗಿರಲಿಲ್ಲ. ಹುಡುಗಿ ಸೀಟಿನ ಮೇಲೆ ಕೈಯಾಡಿಸಿ, “ಡ್ರೈ ಇದೆ ಸರ್, ಒಂಚೂರೂ ಒದ್ದೆಯಾಗಿಲ್ಲ,” ಎಂದಳು. ಮೂವರೂ ಬಿ.ಸಿ.ರೋಡಿನ ಹೋಟೆಲಿಗೆ ಹೋಗಿ ಬನ್ಸ್ ತಿಂದೆವು. ಮೂರನೆಯವರು ಮುಖ್ಯಸ್ಥರು, ಸುದ್ದಿ ಕೇಳಿ ಮೂಡುಬಿದಿರೆಯಿಂದ ಕಾರಿನಲ್ಲಿ ಬಂದಿದ್ದರು. “ಫಸ್ಟ್ ಫ್ಲೈಟ್‌ನಲ್ಲಿ ಪೈಲಟ್ ಪಕ್ಕ ನಾನೇ ಕೂರ್ತೀನಿ ಸರ್,” ಎಂದಳು ಹುಡುಗಿ. “ಅಮ್ಮ ಬೇಡ ಅಂತಿದ್ರು. ಈಗ ನಿಮ್ಮ ರಿಪೋರ್ಟ್ ತೋರಿಸ್ತೀನಿ.” ಎಷ್ಟೋ ತಿಂಗಳ ಮೇಲೆ ಇನ್ನಿಬ್ಬರ ಜೊತೆ ಕೂತು ತಿಂದ ತಿಂಡಿ ಅದು. ಇನ್ನೊಂದು ಪ್ಲೇಟು ತರಿಸಿದೆ. ವರದಿ ಎರಡೇ ದಿನದಲ್ಲಿ ಹೋಯಿತು.

ಎಡವಟ್ಟು ಗೊತ್ತಾದದ್ದು ವಾರದ ಮೇಲೆ. ಕಾಲೇಜಿನವರು ಆ ದಿನಕ್ಕೆಂದು ಅತಿವೇಗದ ಕ್ಯಾಮೆರಾವೊಂದನ್ನು ಎರವಲು ತಂದಿದ್ದರು. ಅದರ ಚಿತ್ರಗಳನ್ನು ನಮ್ಮಲ್ಲಿದ್ದ ವರದಿಯ ಪ್ರತಿಗೆ ಲಗತ್ತಿಸುವ ಎಂದು ಒಂದು ಮಧ್ಯಾಹ್ನ ಒಂದೊಂದೇ ಚಿತ್ರ ಎಣಿಸುತ್ತ ಕೂತೆ. ಹಿನ್ನೆಲೆಯಲ್ಲಿ ಅಳತೆಯ ಪಟ್ಟಿ ಇತ್ತು. ಹಕ್ಕಿ ಎಷ್ಟು ಚಿತ್ರದಲ್ಲಿ ಎಷ್ಟು ದೂರ ಸರಿಯಿತು ಎಂದು ಲೆಕ್ಕ ಹಾಕಿದರೆ ನೂರನಲವತ್ತೆಂಟು ಚಿಲ್ಲರೆ ಬರುತ್ತಿತ್ತು. ಕ್ಯಾಮೆರಾದ ಮೇಲೆ ಸಿಟ್ಟು ಬಂತು. ಮಸೂರದ ಓರೆ ಇರಬೇಕು ಎಂದು ತಿದ್ದಿದೆ; ಮತ್ತೆ ನೂರನಲವತ್ತೆಂಟು. ಗಡಿಯಾರವನ್ನು ಬಿಚ್ಚಿ, ಗೊತ್ತಿರುವ ಸಂಕೇತ ಕೊಟ್ಟು ನೋಡಿದೆ, ಒಂದಿಷ್ಟೂ ತಪ್ಪಿಲ್ಲ. ತಂತಿಗಳನ್ನು ಬದಲಿಸಿದೆ. ಮೂರು ದಿನ ತಲೆ ಕೆಡಿಸಿಕೊಂಡೆ. ಅನುಮಾನ ಯಂತ್ರಗಳ ಮೇಲೆಯೇ, ನನ್ನ ಮೇಲೆ ಬರಲೇ ಇಲ್ಲ.

ನಾಲ್ಕನೆಯ ದಿನ ಟೇಪು ತೆಗೆದು ಚೌಕಟ್ಟಿನೊಳಗೆ ಹಿಡಿದೆ. ಒಂಬೈನೂರ ಎಂಬತ್ತೈದು.

ಟೇಪಿನ ಕೊಂಡಿ ಸರಿಯಾಗಿ ಸಿಕ್ಕಿಲ್ಲವೇನೋ ಎಂದು ಮತ್ತೆ ಅಳೆದೆ. ಆಚೆ ತುದಿಯಿಂದ ಅಳೆದೆ. ಒಂಬೈನೂರ ಎಂಬತ್ತೈದು. ಸಾವಿರವೆಂದು ತಿಳಿದು ಭಾಗಿಸಿದ ಲೆಕ್ಕ ಹಕ್ಕಿಯ ವೇಗವನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸಿತ್ತು. ಬಡಿತದ ಶಕ್ತಿ ಬೇಕಾದದ್ದಕ್ಕಿಂತ ಕಡಿಮೆಯಿತ್ತು. ಗಾಜು ತಡೆದದ್ದು ನಿಜ, ಆದರೆ ತಡೆಯಬೇಕಾದ ಪೆಟ್ಟನ್ನಲ್ಲ. ಆ ಬಿಳಿ ಬಿರುಕು ನೆನಪಾಯಿತು. ಆ ಸೀಟೂ ನೆನಪಾಯಿತು.

ಆಗಲೇ ಹೆಂಡತಿಯ ಫೋನು ಬಂತು. “ಊಟ ಆಯ್ತಾ?” “ಆಯ್ತು.” “ಎಂತ ಪದಾರ್ಥ?” “ಮೀನು.” ಬೆಳಗಿನಿಂದ ಒಂದು ಚಾ ಬಿಟ್ಟರೆ ಏನೂ ಹೊಟ್ಟೆಗೆ ಬಿದ್ದಿರಲಿಲ್ಲ. “ಸ್ವರ ಎಂತ ಹೀಗುಂಟು?” ಎಂದಳು. “ಶೆಡ್ಡಿನಲ್ಲಿ ಧೂಳು,” ಎಂದೆ. ಹಿಂದೆ ಮಗು ಅಳುತ್ತಿತ್ತು, ಇಟ್ಟುಬಿಟ್ಟಳು. ನಾನು ಹಂಚಿನ ರಾಶಿಯ ಮೇಲೆ ತುಂಬ ಹೊತ್ತು ಕೂತಿದ್ದೆ. ಒಬ್ಬನೇ ಒಬ್ಬ ಪಕ್ಕದಲ್ಲಿದ್ದು ‘ಸಾಹೇಬರೇ, ಅಳೆದಿರಾ?’ ಎಂದು ಕೇಳಿದ್ದರೆ ಸಾಕಿತ್ತು. ಕೇಳಲು ಯಾರೂ ಇರಲಿಲ್ಲ. ಆ ಎರಡು ವರ್ಷಗಳಲ್ಲಿ ಅಷ್ಟು ಒಂಟಿ ಎಂದು ನನಗೆ ಅನಿಸಿದ್ದು ಅದೇ ಮೊದಲು.

ಮರುದಿನ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ಮುಖ್ಯಸ್ಥರ ಕೋಣೆಯ ಹೊರಗಿನ ಫಲಕದಲ್ಲಿ ಒಡೆಯದ ಗಾಜಿನ ಪಕ್ಕ ನಾನು ನಿಂತ ಫೋಟೋ ಹಾಕಿದ್ದರು. ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಕೇಳಿ ಕನ್ನಡಕ ತೆಗೆದು ಒರೆಸಿದರು.

“ಶಕ್ತಿಯಲ್ಲಿ ಮೂರು ಪರ್ಸೆಂಟ್ ವ್ಯತ್ಯಾಸ ಅಲ್ವಾ? ಹಕ್ಕಿಯಿಂದ ಹಕ್ಕಿಗೇ ಅಷ್ಟು ವ್ಯತ್ಯಾಸ ಇರ್ತದೆ.”

“ಇರ್ತದೆ ಸರ್. ಆದ್ರೆ ನಾವು ಬರೆದುಕೊಟ್ಟದ್ದು ನೂರೈವತ್ತಕ್ಕೆ ಕಡಿಮೆ ಇಲ್ಲ ಅಂತ.”

“ಮೊದಲನೆಯ ವರದಿಯನ್ನೇ ಹಿಂದಕ್ಕೆ ತೆಗೊಂಡ್ರೆ ಎರಡನೆಯವರು ಯಾರು ಬರ್ತಾರೆ, ಹೇಳಿ? ಈ ಕೋವಿಯನ್ನು ತುಕ್ಕು ಹಿಡಿಯಲಿಕ್ಕೆ ಬಿಡುವುದೇ.”

ಅವರು ನನ್ನ ಹಾಳೆಯನ್ನು ಎಳೆದುಕೊಂಡು ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟರು. “ಅಳೆದವರೂ ನೀವೇ, ಪರಿಶೀಲಿಸಿದವರೂ ನೀವೇ. ಹಾಗಾದ್ರೆ ತೀರ್ಮಾನವೂ ನೀವೇ ಮಾಡಿ.” ಕುಟುಕಿದ್ದಲ್ಲ, ಆದರೂ ಕುಟುಕಿತು.

ಬಸ್‌ಸ್ಟ್ಯಾಂಡಿಗೆ ಬಂದೆ. ಕಾಲೇಜು ಬಿಟ್ಟ ಹೊತ್ತು. ಊರೂರಿನ ಮಕ್ಕಳು, ಬಸ್ಸಿನವರ ಕೂಗು. ನನ್ನ ಬಸ್ಸು ಬಂದು ನಿಂತು ಹೋಯಿತು, ಹತ್ತಲಿಲ್ಲ. ಕೋವಿ ಉಳಿಯಬೇಕೆಂಬ ಆಸೆ ನನಗೆ ಮುಖ್ಯಸ್ಥರಿಗಿಂತ ಹೆಚ್ಚು. ಆ ನಳಿಗೆಯ ಒಂದೊಂದು ಬೋಲ್ಟಿನ ಹೆಸರೂ ನನಗೆ ಗೊತ್ತು ಎಂಬ ಹಾಗಿದ್ದೆ. ಆದರೆ ಆ ಹುಡುಗಿ ನನ್ನ ವರದಿಯನ್ನು ತಾಯಿಗೆ ತೋರಿಸಿರುತ್ತಾಳೆ. ಎರಡನೆಯ ಬಸ್ಸು ಬರುವ ಮೊದಲು ಅವಳಿಗೆ ಫೋನು ಮಾಡಿದೆ.

“ಗಾಜು ಜೋಡಿಸಬೇಡಿ. ವರದಿ ತಪ್ಪು. ಚೌಕಟ್ಟು ಹದಿನೈದು ಮಿಲಿಮೀಟರ್ ಗಿಡ್ಡ ಉಂಟು, ನಾನು ಅಳೆಯಲಿಲ್ಲ.”

“ಮುಂದಿನ ವಾರ ಫ್ಲೈಟ್ ಇತ್ತು ಸರ್,” ಎಂದಳು.

“ಗೊತ್ತುಂಟು.”

“ಇನ್ನೊಂದು ಗಾಜಿದೆ, ತರ್ತೀನಿ. ಆದ್ರೆ ಈ ಸಲ ಎರಡನೇ ಸೈನ್ ಬೇರೆಯವ್ರದ್ದೇ ಇರ್ಬೇಕು. ನಾನು ಕಂಪನಿಯವಳು, ನಾನು ಹಾಕೋ ಹಾಗಿಲ್ಲ. ಟೇಪ್ ಹಿಡಿದು ನೋಡೋಕೆ ನಿಮ್ಮ ಹತ್ರ ಯಾರಿದ್ದಾರೆ ಸರ್?”

“ನೋಡುವ,” ಎಂದೆ. ಯಾರೂ ಇಲ್ಲ ಎಂದು ಹೇಳಲು ನಾಚಿಕೆಯಾಯಿತು.

ಅಳದಂಗಡಿಗೆ ಹೋದದ್ದು ಜಗಳಕ್ಕೆಂದೇ. ಬಸ್ಸಿನಲ್ಲಿ ಕೂತು ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದೆ. ಆಚಾರ್ರು ಮನೆಯ ಪಕ್ಕದ ಮಾಡಿನಡಿಯಲ್ಲಿ ಒಂದು ಬಾಗಿಲಿಗೆ ತೋಪಡ ಹಾಕಿ ಹೆರೆದು ನಯಮಾಡುತ್ತಿದ್ದರು. ನನ್ನನ್ನು ಕಂಡು ಸ್ಟೂಲು ಒ‌ರೆಸಿ ಇಟ್ಟರು. ನಾನು ಕೂರಲಿಲ್ಲ.

“ಆಚಾರ್ರೆ, ಒಂದು ಮೀಟರ್ ಅಂತ ಹೇಳಿದ್ದೆ. ಹದಿನೈದು ಮಿಲಿಮೀಟರ್ ಎಲ್ಲಿಗೆ ಹೋಯ್ತು?”

ಅವರು ಗಾಬರಿಯಾಗಲಿಲ್ಲ. “ನಾನೇ ತೆಗೆದದ್ದು,” ಎಂದರು. “ಆಯಕ್ಕೆ.”

ಆಯ ಎಂದರೇನೆಂದು ನಮ್ಮ ಕಡೆಯ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಮನೆಗಾಗಲಿ, ಬಾಗಿಲಿಗಾಗಲಿ, ಮಂಚಕ್ಕಾಗಲಿ ಒಳ ಸುತ್ತಳತೆಯನ್ನು ಮೂರರಿಂದ ಗುಣಿಸಿ ಎಂಟರಿಂದ ಭಾಗಿಸುತ್ತಾರೆ. ಬೆಸ ಸಂಖ್ಯೆ ಉಳಿದರೆ ಒಳ್ಳೆಯದು, ಸಮ ಉಳಿದರೆ ಕೇಡು. ಕೇಡಿದ್ದರೆ ಅಂಗುಲವೋ ಅರ್ಧ ಅಂಗುಲವೋ ಕೂಡಿಸಿ ಕಳೆದು ಸರಿಮಾಡುತ್ತಾರೆ. ಆಚಾರ್ರು ಒಂದು ಹಲಗೆಯ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಲೆಕ್ಕ ಮಾಡಿ ತೋರಿಸಿದರು.

“ಮೊದಲಿನ ಚೌಕಟ್ಟು ನೀವು ಹೇಳಿದ ಹಾಗೆಯೇ ಮಾಡಿದೆ. ನೋಡಿ, ಕಾಕಾಯ ಬಂದದ್ದು, ಕಾಗೆಯ ಆಯ. ಎಂಟು ಆಯದಲ್ಲಿ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಹಕ್ಕಿ ಹಾರಿಸುವಲ್ಲಿ ಅದು ಬರ್ಬಾರ್ದಿತ್ತು. ಹೇಳುವ ಅಂತ ಎಣಿಸಿದೆ, ನೀವು ಕೋಲು ಬೇಡ ಅಂದ್ರಿ. ಮತ್ತೆ ಅದು ಒಡೆಯಿತು.”

“ಒಡೆದದ್ದು ಡಬ್ಬಿಯ ಚೂರಿಗೆ ಮಾರಾಯ್ರೆ.”

“ಇರಬಹುದು. ಮುರಿದದ್ದನ್ನು ತೆಗೊಂಡು ಹೋಗ್ಲಿಕ್ಕೆ ಬಂದವ ಗೋಡೆಗೆ ನೆಟ್ಟ ಸಿಬಿರು ನೋಡಿದೆ. ನಿಮ್ಮ ಎದೆಯ ಎತ್ತರಕ್ಕೆ ಉಂಟು.” ಅವರು ತೋಪಡದ ಬಾಯಿಯಿಂದ ಹೊಟ್ಟು ತೆಗೆಯುತ್ತ ಮುಂದುವರಿಸಿದರು. “ನೀವು ಅಲ್ಲಿ ಒಬ್ಬರೇ ಇರ್ತೀರಿ. ಊಟಕ್ಕೂ ಒಬ್ಬರೇ, ಮಾತಾಡುವುದೂ ಒಬ್ಬರೇ. ಹೆಚ್ಚುಕಡಿಮೆ ಆದ್ರೆ ಸಂಜೆಯವರೆಗೆ ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಹಾಗೆ ಈ ಸಲ ನಿಮ್ಮ ಹತ್ರ ಕೇಳ್ಲಿಲ್ಲ. ಅಗಲದಲ್ಲಿ ಪರದೆಯ ಪೆಟ್ಟಿಗೆ ಕೂರ್ತದಲ್ಲ, ಅದನ್ನು ಮುಟ್ಟಬಾರ್ದು ಅಂತ ಉದ್ದದಲ್ಲಿ ತೆಗೆದೆ. ಉದ್ದ ಸ್ವಲ್ಪ ಕಡಿಮೆ ಆದ್ರೆ ಹಕ್ಕಿಗೆ ಎಂತ?”

ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ಸಂಬಳ ಕೊಡುವವರು, ವರದಿ ಓದುವವರು, ಅಷ್ಟೇಕೆ, ದಿನಾ ಊಟ ಆಯ್ತಾ ಎಂದು ಕೇಳುವವಳೂ ಎಣಿಸದ ಒಂದು ವಿಷಯವನ್ನು ಈ ಮನುಷ್ಯ ಎಣಿಸಿದ್ದರು. ಕಣ್ಣು ತುಂಬಿತು. ಹೊಟ್ಟು ಬಿದ್ದಿದೆ ಎಂಬಂತೆ ಉಜ್ಜಿಕೊಂಡೆ. ಆ ಹದಿನೈದು ಮಿಲಿಮೀಟರಿನ ಹಿಂದೆ ಏನುಂಟು ಎಂದು ಯಾವ ಟೇಪೂ ತೋರಿಸುತ್ತಿರಲಿಲ್ಲ.

ಆಮೇಲೆ ನಿಧಾನವಾಗಿ ಹೇಳಿದೆ. ಉದ್ದವೇ ವೇಗ. ಉದ್ದ ತಪ್ಪಿದ್ದರಿಂದ ಒಂದು ಹುಡುಗಿ ಒಡೆಯಬಹುದಾದ ಗಾಜಿನ ಹಿಂದೆ ಕೂರುವವಳಿದ್ದಳು. ಆಚಾರ್ರ ಕೈ ನಿಂತಿತು. ಮುಖ ಸಪ್ಪೆಯಾಯಿತು. “ದೇವರೇ, ನನ್ನಿಂದಾಗಿಯಾ?” ಎಂದರು.

“ನಿಮ್ಮಿಂದ ಅಲ್ಲ. ಟೇಪು ನನ್ನ ಸೊಂಟದಲ್ಲಿತ್ತು.” ಹಲಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ. “ಈಗ ಉದ್ದ ಸಾವಿರವೇ ಇರಲಿ. ಅಗಲದಲ್ಲಿ ಆ ಹದಿನೈದು ಕಡಿಮೆ ಮಾಡಿದ್ರೆ? ಪೆಟ್ಟಿಗೆಯ ಆಚೆ ಈಚೆ ಎರಡು ಬೆರಳು ಜಾಗ ಉಂಟು.”

ಅವರು ಲೆಕ್ಕ ಮಾಡಿದರು, ಅಳಿಸಿದರು, ಮತ್ತೆ ಮಾಡಿದರು. “ಸುತ್ತಳತೆ ಅದೇ ಬರ್ತದೆ. ಆಯವೂ ಸರಿ ಬರ್ತದೆ.” ತಲೆಯೆತ್ತಿ ನನ್ನನ್ನು ನೋಡಿದರು. “ಇದನ್ನು ಆವಾಗಲೇ ಕೂತು ಮಾತಾಡಿದ್ರೆ ಆಗ್ತಿತ್ತು ಸಾಯಿಬ್ರೆ.”

ಹೌದು, ಆಗುತ್ತಿತ್ತು. ಹೊರಡುವಾಗ ಕೇಳಿದೆ: “ಪರೀಕ್ಷೆಯ ದಿನ ನೀವೂ ಬರ್ಬೇಕು. ಅಳತೆ ನೋಡಿ ಸಹಿ ಹಾಕ್ಲಿಕ್ಕೆ ಒಬ್ಬರು ಬೇಕು.”

“ನನಗೆ ಇಂಗ್ಲಿಷ್ ಬರುದಿಲ್ಲ.”

“ಟೇಪಿಗೂ ಬರುದಿಲ್ಲ.”

ಮೂರನೆಯ ಚೌಕಟ್ಟಿನ ಜೊತೆ ಅವರು ಬೆಳಿಗ್ಗೆ ಎಂಟೂವರೆಗೇ ಶೆಡ್ಡಿಗೆ ಬಂದರು, ಇಸ್ತ್ರಿ ಹಾಕಿದ ಅಂಗಿ ತೊಟ್ಟು. ನಾನು ಅಳೆದು ಸಹಿ ಹಾಕಿದೆ. ಅವರು ನನ್ನ ಟೇಪು ಮುಟ್ಟದೆ ತಮ್ಮದನ್ನೇ ತೆಗೆದು ಅಳೆದು, “ಸಾವಿರ,” ಎಂದು, ಎರಡನೆಯ ಖಾನೆಯಲ್ಲಿ ಒಂದೊಂದೇ ಅಕ್ಷರ ಕೆತ್ತಿದಂತೆ ಕನ್ನಡದಲ್ಲಿ ಹೆಸರು ಬರೆದರು. ನಲವತ್ತು ಸಾಲು ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಒಬ್ಬನೇ ಇದ್ದಾಗ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಆಮೇಲೆ ನಿಯಂತ್ರಣದ ಕೋಣೆಯಿಂದ ಕೂಗಿದೆ. “ಬಿಡುಗಡೆ ವಾಲ್ವ್ ಮುಚ್ಚಿದೆಯಾ?” ಅಭ್ಯಾಸಬಲದಿಂದ ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಶೆಡ್ಡಿನ ಒಳಗಿಂದ ಸ್ವರ ಬಂತು: “ಮುಚ್ಚಿ ಉಂಟು.” ಒಂದು ಕ್ಷಣ ನನಗೆ ಮುಂದಿನ ಸಾಲೇ ಮರೆತುಹೋಯಿತು. ಕೊನೆಗೆ ಒಳಗೆ ಯಾರೂ ಇಲ್ಲವೆಂದು ಇಬ್ಬರೂ ನೋಡಿ, ಬಾಗಿಲು ಹಾಕಿ, ಕೋಣೆಗೆ ಬಂದೆವು. ಹುಡುಗಿ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಗುಂಡಿ ಒತ್ತಿದೆ.

ಸದ್ದು ಪ್ರತಿಸಲದ್ದೇ. ಗಡಿಯಾರದ ಲೆಕ್ಕ ನೂರೈವತ್ತು ಚುಕ್ಕಿ ನಾಲ್ಕು. ಟ್ಯಾಂಕಿನ ಒತ್ತಡ ಪೂರ್ತಿ ಇಳಿದದ್ದು ಖಚಿತವಾದ ಮೇಲೆ ಬಾಗಿಲು ತೆರೆದೆವು. ಗಾಜು ಕೆಳಮೂಲೆಯಿಂದ ಹಿಡಿದು ನಡುವಿನವರೆಗೆ ಸೀಳಿಹೋಗಿತ್ತು. ಬಲಗಡೆಯ ಸೀಟಿನ ತಲೆದಿಂಬು ಕಿತ್ತು ಹಿಂದೆ ಬಿದ್ದಿತ್ತು. ಸೀಟಿನ ತುಂಬ ಜೆಲಾಟಿನ್, ಗಾಜಿನ ಪುಡಿ.

ಹುಡುಗಿ ಅದರ ಮುಂದೆ ಹೋಗಿ ನಿಂತಳು. “ಇದು ನನ್ನ ಸೀಟ್ ಸರ್,” ಎಂದಳು. ಫೋಟೋ ತೆಗೆದುಕೊಂಡು, ಹಾಳೆಯ ಪ್ರತಿ ಕೇಳಿದಳು. ಮೂಲೆಯ ಹಿಡಿತವನ್ನು ಬದಲಿಸಿ ಹೊಸ ಗಾಜು ಮಾಡುವುದಾಗಿಯೂ, ಅದನ್ನೂ ಇಲ್ಲಿಗೇ ತರುವುದಾಗಿಯೂ ಹೇಳಿದಳು. ಆ ಮಾತನ್ನು ಮುಖ್ಯಸ್ಥರಿಗೆ ಫೋನಿನಲ್ಲಿ ತಿಳಿಸಿದೆ. “ಒಳ್ಳೇದಾಯ್ತು,” ಎಂದು ಅವರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಅವಳ ಕಾರು ಹೋದಮೇಲೆ ನೋಡಿದರೆ ಆಚಾರ್ರು ಇನ್ನೂ ಒಡೆದ ಗಾಜಿನ ಎದುರು ನಿಂತಿದ್ದಾರೆ, ಏನೋ ತಪ್ಪು ಮಾಡಿದವರ ಹಾಗೆ.

“ಆಯ ಸರಿ ಇತ್ತಲ್ಲ ಸಾಯಿಬ್ರೆ. ಉದ್ದವೂ ಸರಿ ಇತ್ತು. ಮತ್ತೆ ಎಂತಕ್ಕೆ ಒಡೆಯಿತು?”

“ಸರಿ ಇದ್ದದ್ದಕ್ಕೇ ಒಡೆದದ್ದು ಆಚಾರ್ರೆ.”

ಅವರು ಅದನ್ನು ಯೋಚಿಸುತ್ತ ಚೌಕಟ್ಟಿನ ಸುತ್ತ ಒಂದು ಸುತ್ತು ಬಂದು, ಕೈಯಿಂದ ಸವರಿ ನೋಡಿದರು. ಒಂದು ಗೀರೂ ಬಿದ್ದಿರಲಿಲ್ಲ. ಅವರಿಗೆ ಅಷ್ಟು ಸಾಕಾಯಿತೆಂದು ಕಾಣುತ್ತದೆ.

ನಾನು ಕೋಣೆಗೆ ಹೋಗಿ ಹಾಳೆಯ ಕೊನೆಯ ಸಾಲು ತುಂಬಿಸಿ, ಸ್ವಿಚ್ಚುಗಳನ್ನು ಆರಿಸಿ, ಬೀಗ ಹಿಡಿದು ಬಾಗಿಲಿಗೆ ಬಂದೆ. ಬೀಗ ಹಾಕುವ ಮೊದಲು ದಿನಾ ಕೂಗುವ ಹಾಗೆ ಒಳಗೆ ಮುಖ ಮಾಡಿ ಕೂಗಿದೆ.

“ಒಳಗೆ ಯಾರಾದರೂ ಇದ್ದಾರಾ?”

“ನಾನಿದ್ದೇನೆ ಮಾರಾಯ್ರೆ,” ಎಂದು ಹಂಚಿನ ರಾಶಿಯ ಹಿಂದಿನಿಂದ ಸ್ವರ ಬಂತು. “ಚಪ್ಪಲಿ ಹುಡುಕ್ತಾ ಇದ್ದೇನೆ. ಬೀಗ ಹಾಕ್ಬೇಡಿ, ಒಟ್ಟಿಗೆ ಹೋಗುವ.”